ಏನೂ ಇಲ್ಲದ ಡಿಸ್ಕ್

ವೆಲಿನ್ ದ್ರಾಗೊಯೆವ್ ಇಪ್ಪತ್ತು ವರ್ಷ ಡಿಸ್ಕ್ ಡ್ರೈವ್ ಕಾರ್ಖಾನೆಯಲ್ಲಿ ದುಡಿದವನು. ಸ್ತಾರಾ ಝಗೋರಾ ನಗರದಲ್ಲಿ ಅಷ್ಟು ಹೇಳಿದರೆ ಸಾಕಿತ್ತು, ಕಂಪ್ಯೂಟರಿನ ವಿಷಯದಲ್ಲಿ ಅವನ ಮಾತಿಗೆ ಯಾರೂ ಎದುರಾಡುತ್ತಿರಲಿಲ್ಲ. ಕಾರ್ಖಾನೆಯಲ್ಲಿ ಆಳುಗಳನ್ನು ಕಡಿಮೆ ಮಾಡಿದಾಗ ಅವನು ತಾನಿದ್ದ ಕಟ್ಟಡದ ಕೆಳಗಿನ ಗ್ಯಾರೇಜಿನಲ್ಲಿ ಎರಡು ಮೇಜು ಹಾಕಿಕೊಂಡು ಅಂಗಡಿ ತೆರೆದ. ಬಿಡಿಭಾಗ ತರಿಸಿ ಕಂಪ್ಯೂಟರ್ ಜೋಡಿಸಿಕೊಡುವುದು, ಕೆಟ್ಟದ್ದನ್ನು ರಿಪೇರಿ ಮಾಡುವುದು ಅವನ ಕೆಲಸ. ಕೈ ಶುದ್ಧ, ಮಾತು ಕಡಿಮೆ. ಜನ ಅವನನ್ನು ಮೇಸ್ತ್ರಿ ಎಂದೇ ಕರೆಯುತ್ತಿದ್ದರು.

ಎರಡು ಸಾವಿರದ ಇಸವಿಯ ಮೇ ತಿಂಗಳ ಐದನೆಯ ತಾರೀಖು ಅವನು ರುಸಾನ ಚಿಕ್ಕಮ್ಮನಿಗೆ ಒಂದು ಕಂಪ್ಯೂಟರ್ ಜೋಡಿಸುತ್ತಿದ್ದ. ಅವಳು ಅವನಿಗೆ ನೆಂಟಳೇನಲ್ಲ. ಪಕ್ಕದ ಬೀದಿಯ ಔಷಧಿ ಅಂಗಡಿಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತಳಾದ ವಿಧವೆ. ಬೀದಿಯ ಅರ್ಧ ಜನಕ್ಕೆ ಕೆಮ್ಮಿನ ಔಷಧಿ ಕೊಟ್ಟವಳು, ಹಾಗಾಗಿ ಎಲ್ಲರಿಗೂ ಚಿಕ್ಕಮ್ಮ. ವಾರ್ನಾದಲ್ಲಿದ್ದ ಮಗಳು ಅಮ್ಮನಿಗೆ ಬೇಸರ ಕಳೆಯಲೆಂದು ಕಂಪ್ಯೂಟರ್ ಕೊಡಿಸುತ್ತಿದ್ದಳು. ಜೊತೆಗೆ ಗಿಡಮೂಲಿಕೆಗಳ ಬಗ್ಗೆ ಒಂದು ಡಿಸ್ಕನ್ನೂ ಕಳಿಸಿದ್ದಳು.

ಮರುದಿನ ಸಂತ ಗಿಯೊರ್ಗಿಯ ಹಬ್ಬ. ಮಾವನ ಹಳ್ಳಿಯಲ್ಲಿ ಕುರಿಮರಿ ಬೇಯಿಸುವುದಿತ್ತು, ಹೆಂಡತಿ ಮಿಲ್ಕಾ ಆಗಲೇ ಎರಡು ಸಲ ಬಾಲ್ಕನಿಯಿಂದ ಕೂಗಿದ್ದಳು. ಕೆಲಸ ಬಹುಪಾಲು ಮುಗಿದಿತ್ತು. ಸಿ.ಡಿ. ಡ್ರೈವಿನಿಂದ ಹೊರಡುವ ಅಗಲವಾದ ಪಟ್ಟಿ ಕೇಬಲ್ಲನ್ನು ಅವನು ಸಿಕ್ಕಿಸಿಯಾಗಿತ್ತು. ಡಿಸ್ಕಿನಲ್ಲಿರುವ ಬರಹ, ಚಿತ್ರ, ಅವುಗಳ ಜೊತೆಗಿನ ವಿವರಣೆಯ ಮಾತು ಎಲ್ಲ ಅದರ ಮೂಲಕ ಹೋಗುತ್ತದೆ. ಉಳಿದಿದ್ದು ಇನ್ನೊಂದು, ನಾಲ್ಕು ಎಳೆಯ ಸಣ್ಣ ತಂತಿ. ಹಾಡಿನ ಡಿಸ್ಕ್ ಹಾಕಿದಾಗ ಡ್ರೈವಿನಿಂದ ಸೌಂಡ್ ಕಾರ್ಡಿಗೆ ದನಿ ಹೋಗುವುದು ಆ ಸಣ್ಣ ತಂತಿಯಲ್ಲಿ. ಆ ಸಲ ಬಂದ ಡ್ರೈವಿನ ಜೊತೆ ತಂತಿ ಇರಲಿಲ್ಲ. ಡ್ರಾಯರಿನಲ್ಲಿದ್ದ ಹಳೆಯದೊಂದರ ತುದಿ ಈ ಕಾರ್ಡಿಗೆ ಕೂರಲಿಲ್ಲ. ತುದಿ ಬಿಚ್ಚಿ ಎಳೆಗಳ ಕ್ರಮ ಬದಲಿಸಿ ಬೆಸುಗೆ ಹಾಕಿದರೆ ಹತ್ತು ನಿಮಿಷದ ಕೆಲಸ.

'ಈ ಅಜ್ಜಿ ಹಾಡಿನ ಡಿಸ್ಕ್ ಎಲ್ಲಿ ಹಾಕುತ್ತಾಳೆ' ಎಂದುಕೊಂಡ ವೆಲಿನ್. ಪೆಟ್ಟಿಗೆಯ ಮುಚ್ಚಳ ಹಾಕಿ ನಾಲ್ಕು ಸ್ಕ್ರೂ ತಿರುಗಿಸಿದ. ಕೆಳಗಿಳಿದು ಬಂದ ಮಿಲ್ಕಾ ಕೇಳಿದಳು, "ಮುಗೀತಾ?"

"ಮುಗೀತು," ಎಂದ.

ಜೂನ್ ಕೊನೆಯಲ್ಲಿ ಒಂದು ಬೆಳಿಗ್ಗೆ ಅಂಗಡಿಯ ಫೋನ್ ಹೊಡೆದುಕೊಂಡಿತು. ಎದುರಿಗೆ ಗಿರಾಕಿಯೊಬ್ಬ ಕೆಟ್ಟ ಮಾನಿಟರನ್ನು ಅಪ್ಪಿಕೊಂಡು ನಿಂತಿದ್ದ.

"ಮೇಸ್ತ್ರಿ, ನಾನು ರುಸಾನ. ಅಂಚೆಯಲ್ಲಿ ಬಂದ ಒಂದು ಡಿಸ್ಕ್ ಹಾಕಿದೀನಿ. ಪರದೆ ಮೇಲೆ ನಿಮಿಷ, ಸೆಕೆಂಡು ಎಲ್ಲ ಓಡ್ತಾ ಇದೆ. ಸದ್ದು ಮಾತ್ರ ಇಲ್ಲ."

"ಸ್ಪೀಕರ್ ಹಾಕಿದೀರಾ ಚಿಕ್ಕಮ್ಮ?"

"ಹಾಕದೆ ಏನು? ಗಿಡಮೂಲಿಕೆ ಡಿಸ್ಕ್ ಹಾಕಿದ್ರೆ ಅದರಲ್ಲಿ ಮಾತಾಡೋ ಪುಣ್ಯಾತ್ಮ ಗಂಟೆಗಟ್ಟಲೆ ಒದರ್ತಾನೆ. ಇದು ಹಾಡಿನ ಡಿಸ್ಕು. ಇದೇ ಬಾಯಿ ಬಿಡ್ತಿಲ್ಲ."

ಹಾಡಿನ ಡಿಸ್ಕು ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ವೆಲಿನ್‌ಗೆ ಎಲ್ಲವೂ ನೆನಪಾಯಿತು. ಆ ಖಾಲಿ ಜಾಗ, ಕೂರದ ತುದಿ, ಬಾಲ್ಕನಿಯಿಂದ ಬಂದ ಕೂಗು, ಎಲ್ಲ. ಆದರೆ ಅಷ್ಟರಲ್ಲಿ ಅವನ ಬಾಯಿ ಬೇರೆಯೇ ಮಾತಿಗೆ ಹೊರಟಾಗಿತ್ತು. ಎದುರಿಗಿದ್ದ ಗಿರಾಕಿ ಕೇಳಿಸಿಕೊಳ್ಳುತ್ತಿದ್ದ. ಕಾರ್ಖಾನೆಯ ಮೇಸ್ತ್ರಿ ಒಂದು ತಂತಿ ಮರೆತ ಎಂದರೆ ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಗುತ್ತಿತ್ತು. ಮರೆತದ್ದೂ ಅಲ್ಲ, ಬಿಟ್ಟದ್ದು.

"ಹಾಗಾದ್ರೆ ಕಂಪ್ಯೂಟರ್ ಸರಿಯಾಗೇ ಇದೆ," ಎಂದ. "ಆ ಡಿಸ್ಕಲ್ಲೇ ಏನೂ ಇಲ್ಲ. ಖಾಲಿ ಕಳಿಸಿದಾರೆ."

"ಏನೂ ಇಲ್ವಾ? ಖಂಡಿತಾನಾ?"

"ಖಂಡಿತ."

"ಸರಿ ಮಗಾ. ನೀನು ಹೇಳಿದ ಮೇಲೆ ಮುಗೀತು," ಎಂದು ಅವಳು ಫೋನ್ ಇಟ್ಟಳು.

ಆ ದಿನವೇ ಸಂಜೆ ವೆಲಿನ್ ತಂತಿಯ ತುದಿ ಬಿಚ್ಚಿದ, ಕ್ರಮ ಬದಲಿಸಿದ, ಬೆಸುಗೆ ಹಾಕಿದ. ಹತ್ತು ನಿಮಿಷವೂ ಹಿಡಿಯಲಿಲ್ಲ. ನಾಳೆ ಹೋಗಿ ಹಾಕಿ ಬರೋಣ, ಏನಾದರೊಂದು ನೆಪ ಹೇಳೋಣ ಎಂದು ಅದನ್ನು ಡ್ರಾಯರಿನಲ್ಲಿಟ್ಟ. ನಾಳೆ ಆಯಿತು, ನಾಡಿದ್ದಾಯಿತು. ವಾರ ಕಳೆದ ಮೇಲೆ ಹೋದರೆ ಇಷ್ಟು ದಿನ ಯಾಕೆ ಬರಲಿಲ್ಲ ಎಂಬುದಕ್ಕೂ ಉತ್ತರ ಹುಡುಕಬೇಕಲ್ಲ. ಹುಡುಕುತ್ತ ಜುಲೈ ಮುಗಿಯಿತು. ಯಾವುದೋ ಹಾಡಿನ ಡಿಸ್ಕು, ಕೇಳದಿದ್ದರೆ ಯಾರ ಮನೆ ಮುಳುಗುತ್ತದೆ ಎಂದು ಸಮಾಧಾನ ಮಾಡಿಕೊಂಡ. ಸ್ಕ್ರೂಡ್ರೈವರ್ ತೆಗೆಯಲು ಡ್ರಾಯರ್ ಎಳೆದಾಗಲೆಲ್ಲ ತಂತಿ ಕಣ್ಣಿಗೆ ಬೀಳುತ್ತಿತ್ತು. ಕೊನೆಗೆ ಸ್ಕ್ರೂಡ್ರೈವರನ್ನೇ ಮೇಜಿನ ಮೇಲೆ ಇಟ್ಟುಕೊಳ್ಳತೊಡಗಿದ.

ಸೆಪ್ಟೆಂಬರಿನಲ್ಲಿ, ಬಾಲ್ಕನಿ ಬಾಲ್ಕನಿಯಲ್ಲೂ ಕೆಂಪು ಮೆಣಸಿನಕಾಯಿ ಸುಡುವ ಘಾಟು ಹರಡಿದ್ದ ಒಂದು ಮಧ್ಯಾಹ್ನ, ರುಸಾನ ಚಿಕ್ಕಮ್ಮ ತಾನಾಗಿಯೇ ಅಂಗಡಿಗೆ ಬಂದಳು. ಕೈಯಲ್ಲಿ ಪತ್ರಿಕೆಯ ಹಾಳೆ ಸುತ್ತಿದ ದೊಡ್ಡ ಗಾಜಿನ ಜಾಡಿ, ಅದರ ತುಂಬ ಸುಟ್ಟ ಮೆಣಸಿನಕಾಯಿಯ ಗೊಜ್ಜು.

"ತಗೋ ಮೇಸ್ತ್ರಿ. ಲ್ಯುತೆನಿತ್ಸ. ಈ ವರ್ಷದ್ದು, ಇನ್ನೂ ಬಿಸಿ ಆರಿಲ್ಲ. ನಾನು ಮೆಣಸಿನಕಾಯಿ ಸಿಪ್ಪೆ ಒಂದೂ ಬಿಡದ ಹಾಗೆ ಸುಲೀತೀನಿ, ಅಂಗಡಿಯದ್ದರ ಹಾಗಲ್ಲ."

"ಇದೆಲ್ಲ ಯಾಕೆ ಚಿಕ್ಕಮ್ಮ?"

"ಯಾಕೆ ಅಂದ್ರೆ ನೀನು ನನ್ನ ಕಣ್ಣು ತೆರೆಸಿದೆ. ಉಪಕಾರ ಇಟ್ಕೊಂಡು ಕೂರೋ ಜನ ಅಲ್ಲ ನಾವು." ಅವಳು ಸ್ಟೂಲಿನ ಮೇಲೆ ಕೂತಳು. "ಆ ಖಾಲಿ ಡಿಸ್ಕು ಕಳಿಸಿದ್ದು ಯಾರು ಗೊತ್ತಾ? ನನ್ನ ಅಣ್ಣ, ಸ್ಲಾವಿ."

ವೆಲಿನ್ ಕೈಯಲ್ಲಿ ಜಾಡಿ ಹಿಡಿದುಕೊಂಡೇ ನಿಂತಿದ್ದ. ಅವಳು ಹೇಳುತ್ತ ಹೋದಳು. ಅವಳ ಅಮ್ಮ ಬೋನಾ ಇಡೀ ಹಳ್ಳಿಗೆ ಹಾಡುಗಾರ್ತಿ. ಸುಗ್ಗಿಗೆ, ಮದುವೆಗೆ, ಸಾವಿಗೆ ಅವಳೇ ಬೇಕು. ಸಾವಿರದ ಒಂಬೈನೂರ ಐವತ್ತೆಂಟರಲ್ಲಿ ರಾಜಧಾನಿ ಸೋಫಿಯಾದಿಂದ ಒಬ್ಬ ಮನುಷ್ಯ ಟೇಪ್ ರೆಕಾರ್ಡರ್ ಹೊತ್ತು ಬಂದು ಅವಳ ಹತ್ತು ಹಾಡು ಹಿಡಿದುಕೊಂಡು ಹೋಗಿ, ಒಂದು ಪ್ರತಿಯನ್ನು ಮನೆಗೆ ಕಳಿಸಿದ್ದ. ಸೋಫಿಯಾದಲ್ಲಿದ್ದ ಮೂಲ ಟೇಪನ್ನು ಮುಂದೆ ಅಳಿಸಿ ಬೇರೇನೋ ಹಿಡಿದಿದ್ದರು, ಉಳಿದಿದ್ದು ಆ ಪ್ರತಿಯೊಂದೇ. ಅಮ್ಮ ಸತ್ತ ವರ್ಷ, ಶವ ಮಣ್ಣಾಗಿ ಮೂರು ದಿನವಾಗಿರಲಿಲ್ಲ, ಸ್ಲಾವಿ ಯಾರನ್ನೂ ಕೇಳದೆ ಆ ಟೇಪನ್ನು ತನ್ನ ಮನೆಗೆ ಒಯ್ದುಬಿಟ್ಟ. ಅಂದಿನಿಂದ ಅಣ್ಣತಂಗಿಯ ನಡುವೆ ಹದಿಮೂರು ವರ್ಷ ಮಾತಿಲ್ಲ.

"ಈ ಜೂನಿನಲ್ಲಿ ಅಂಚೆಯಲ್ಲಿ ಡಿಸ್ಕು ಬಂತು. ಮೇಲೆ 'ಅಮ್ಮ' ಅಂತ ಬರೆದಿದ್ದ, ಅಷ್ಟೇ. ನಾನು ಅತ್ತುಬಿಟ್ಟೆ ಮಗಾ. ಕೊನೆಗೂ ಬುದ್ಧಿ ಬಂತಲ್ಲ, ಟೇಪಿನಿಂದ ಡಿಸ್ಕ್ ಮಾಡಿಸಿ ಕಳಿಸಿದ್ನಲ್ಲ ಅಂತ. ನಿಂಗೆ ಫೋನ್ ಮಾಡದೇ ಇದ್ದಿದ್ರೆ ಕಿವಿ ಸ್ಪೀಕರಿಗೆ ಅಂಟಿಸ್ಕೊಂಡು ಇವತ್ತಿಗೂ ಕೂತಿರ್ತಿದ್ದೆ, ಮುದಿ ಕತ್ತೆ ಹಾಗೆ. ಅವನು ಅಲ್ಲಿ ನಗ್ತಾ ಇರ್ತಿದ್ದ."

"ಅವರಿಗೆ... ಏನಾದ್ರೂ ಹೇಳಿದ್ರಾ?"

"ಹೇಳದೆ ಬಿಡ್ತೀನಾ? ಫೋನ್ ಮಾಡಿ ಒಂದೇ ಮಾತು ಹೇಳ್ದೆ. 'ನೀನು ಕಳಿಸಿದ್ದು ಬಂತು. ಅದ್ರಲ್ಲಿ ಏನೂ ಇಲ್ಲ.' ಅವನು 'ಏನೂ ಇಲ್ಲ ಅಂದ್ರೆ ಇಲ್ಲ' ಅಂದು ಫೋನ್ ಇಟ್ಟ. ಅಲ್ಲಿಗೆ ಮುಗೀತು."

ಹೇಳಬೇಕಾದ ಹೊತ್ತು ಅದೇ ಆಗಿತ್ತು. ವೆಲಿನ್ ಬಾಯಿ ತೆರೆದ. ಹೊರಗೆ ಬಂದ ಮಾತು, "ಜಾಡಿಗೆ ತುಂಬ ಥ್ಯಾಂಕ್ಸ್ ಚಿಕ್ಕಮ್ಮ."

ರಾತ್ರಿ ಊಟಕ್ಕೆ ಮಿಲ್ಕಾ ಬ್ರೆಡ್ಡಿನ ಮೇಲೆ ಲ್ಯುತೆನಿತ್ಸವನ್ನು ದಪ್ಪಗೆ ಸವರಿ ಗಂಡನ ಮುಂದಿಟ್ಟಳು. ತಾನು ಒಂದು ತುಂಡು ತಿಂದು ತಲೆದೂಗಿದಳು. ವೆಲಿನ್ ಒಂದು ತುತ್ತು ಕಚ್ಚಿದ. ಉಳಿದದ್ದನ್ನು ತಟ್ಟೆಗೆ ಹಾಕಿದ.

"ಏನಾಯ್ತು? ಖಾರಾನಾ?"

"ಮಿಲ್ಕಾ, ಇದು ನಾನು ತಿನ್ನೋ ಅಂಥದ್ದಲ್ಲ," ಎಂದ. ಆಮೇಲೆ ತಟ್ಟೆ ಸರಿಸಿ ಎಲ್ಲವನ್ನೂ ಹೇಳಿದ. ಹಬ್ಬದ ಹಿಂದಿನ ದಿನದ ಸ್ಕ್ರೂಗಳಿಂದ ಹಿಡಿದು ಮಧ್ಯಾಹ್ನದ ಥ್ಯಾಂಕ್ಸ್‌ವರೆಗೆ.

ಮಿಲ್ಕಾ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. "ಫೋನಲ್ಲಿ ಅವಳು ಕೇಳ್ದಾಗ ನಿಂಗೆ ಗೊತ್ತಿತ್ತಾ?" ಎಂದಷ್ಟೇ ಕೇಳಿದಳು.

"ಗೊತ್ತಿತ್ತು."

"ಮೊದಲು ಅದನ್ನೇ ಹೇಳು ಅವಳಿಗೆ. ತಂತಿ ವಿಷಯ ಆಮೇಲೆ."

ಮರುದಿನ ಬೆಳಿಗ್ಗೆ ಎಂಟಕ್ಕೆ ಅವನು ತಂತಿ, ಸ್ಕ್ರೂಡ್ರೈವರ್, ಒಂದು ಇಯರ್‌ಫೋನ್ ಜೇಬಿಗೆ ಹಾಕಿಕೊಂಡು ಅವಳ ಮನೆಯಿದ್ದ ನಾಲ್ಕನೆಯ ಮಹಡಿಗೆ ಹತ್ತಿದ. ರುಸಾನ ಚಿಕ್ಕಮ್ಮ ಕಾಫಿ ಕಾಯಿಸುತ್ತಿದ್ದಳು.

"ಚಿಕ್ಕಮ್ಮ, ಆ ಡಿಸ್ಕ್ ಇನ್ನೊಂದು ಸಲ ನೋಡ್ಬೇಕಿತ್ತು. ಎಲ್ಲಿದೆ?"

"ಅದಾ? ಕೆಲಸ ಮಾಡ್ತಾ ಇದೆ." ಅವಳು ನಗುತ್ತ ಬಾಲ್ಕನಿಯ ಬಾಗಿಲು ತೆರೆದಳು. ಬಟ್ಟೆ ಒಣಹಾಕುವ ತಂತಿಗೆ ಕೆಂಪು ದಾರದಲ್ಲಿ ಕಟ್ಟಿದ ಡಿಸ್ಕು ಗಾಳಿಗೆ ತಿರುಗುತ್ತ ಬಿಸಿಲನ್ನು ಗೋಡೆಯ ಮೇಲೆಲ್ಲ ಎರಚುತ್ತಿತ್ತು. "ಪಾರಿವಾಳ ಬರ್ತಿಲ್ಲ ನೋಡು. ಅಷ್ಟಾದ್ರೂ ಉಪಯೋಗ ಆಯ್ತು."

ಮೂರು ತಿಂಗಳ ಬಿಸಿಲು, ಮಳೆ, ಧೂಳು. ಕಬ್ಬಿಣದ ಕಟಕಟೆಗೆ ತಾಗಿ ತಾಗಿ ಹೊರ ಅಂಚೆಲ್ಲ ಗೀರಿತ್ತು. ವೆಲಿನ್ ದಾರ ಬಿಚ್ಚಿ ತಂದ. ಅಡುಗೆಮನೆಯ ನಲ್ಲಿಯ ಕೆಳಗೆ ಸೋಪು ಹಚ್ಚಿ ತೊಳೆದ. ಮೆತ್ತನೆಯ ಬಟ್ಟೆಯಿಂದ ಒಳಗಿನಿಂದ ಹೊರಕ್ಕೆ ನೇರವಾಗಿ ಒರೆಸಿದ. ಮಿಲ್ಕಾ ಹೇಳಿಕಳಿಸಿದ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಆದರೂ ಮೊದಲು ಡಿಸ್ಕು ಬದುಕಿದೆಯೋ ಇಲ್ಲವೋ ನೋಡಿಬಿಡೋಣ ಎನ್ನಿಸಿತು. ಅದೂ ಅಂಜಿಕೆಯೇ.

ಡಿಸ್ಕನ್ನು ಒಳಗೆ ತಳ್ಳಿ, ಡ್ರೈವಿನ ಮುಖದಲ್ಲೇ ಇರುವ ಸಣ್ಣ ತೂತಿಗೆ ಇಯರ್‌ಫೋನ್ ಚುಚ್ಚಿದ. ಅಲ್ಲಿಗೆ ದನಿ ಬರಲು ಒಳಗಿನ ಯಾವ ತಂತಿಯೂ ಬೇಡ. ಜೂನಿನಲ್ಲಿ ಫೋನಿನಲ್ಲಿ 'ಚಿಕ್ಕಮ್ಮ, ಮುಂದುಗಡೆ ಇಯರ್‌ಫೋನ್ ಹಾಕಿ ನೋಡಿ' ಎಂದಿದ್ದರೆ ಸಾಕಿತ್ತು. ಒಂದೇ ಒಂದು ವಾಕ್ಯ.

ಡ್ರೈವು ಗೊರಗೊರ ಎಂದು ತಡಕಾಡಿತು. ಆಮೇಲೆ ಕಿವಿಯಲ್ಲಿ ಒಬ್ಬ ಮುದುಕನ ಗಂಟಲು ಕೆಮ್ಮಿತು. "ರುಸಾನ, ನಾನು ಸ್ಲಾವಿ..." ವೆಲಿನ್ ಇಯರ್‌ಫೋನನ್ನು ಬೆಂಕಿ ತಾಗಿದವನಂತೆ ಕಿತ್ತು ಅವಳ ಕೈಗಿಟ್ಟ.

ಅವಳು ಕಿವಿಗೆ ಹಚ್ಚಿಕೊಂಡಳು. ಮೊದಲು ಹುಬ್ಬು ಗಂಟಾಯಿತು. ಮತ್ತೆ ಕೈ ಮೇಜಿನಂಚನ್ನು ಹಿಡಿಯಿತು. ಕಾಫಿ ಉಕ್ಕಿ ಒಲೆಯ ಮೇಲೆ ಚುರ್ರೆಂದಾಗ ವೆಲಿನ್ ಹೋಗಿ ಒಲೆ ಆರಿಸಿ ಬಂದ. ಅವಳು ಕಣ್ಣು ಮುಚ್ಚಿ ಕೂತಿದ್ದಳು, ತುಟಿಗಳು ಯಾವುದೋ ಹಾಡಿನ ಜೊತೆಗೆ ಸದ್ದಿಲ್ಲದೆ ಆಡುತ್ತಿದ್ದವು. ಒಮ್ಮೆ ನಕ್ಕಳು ಕೂಡ. ಅರ್ಧ ಗಂಟೆಯ ಮೇಲೆ ಡ್ರೈವು ಮತ್ತೆ ತಡಕಾಡತೊಡಗಿತು, ಟಿಕ್ ಟಿಕ್ ಎಂದಿತು, ನಿಂತಿತು. ಅವಳು ಕಣ್ಣು ತೆರೆದಳು.

"ಏಳು ಹಾಡು ಬಂತು. ಹತ್ತು ಇರಬೇಕು."

"ಹೊರಗಿನ ಅಂಚು ಗೀರಿಹೋಗಿದೆ. ಕೊನೇ ಮೂರು ಅಲ್ಲಿತ್ತು. ಅವು ಹೋದವು ಚಿಕ್ಕಮ್ಮ."

"ಅಣ್ಣ ಮೊದಲಲ್ಲಿ ಮಾತಾಡಿದಾನೆ," ಎಂದಳು ಅವಳು, ತನಗೆ ತಾನೇ ಹೇಳಿಕೊಳ್ಳುವಂತೆ. "ಟೇಪು ಕೇಳದೆ ಒಯ್ದದ್ದು ತಪ್ಪಾಯ್ತು, ಹದಿಮೂರು ವರ್ಷ ಅದನ್ನ ಹೇಳೋಕೆ ಬಾಯಿ ಬರಲಿಲ್ಲ, ಕ್ಷಮಿಸು ಅಂತ ಅಂದಿದಾನೆ. ಸ್ಲಾವಿ! ಅಪ್ಪನ ಹತ್ರಾನೂ ಕ್ಷಮೆ ಕೇಳದ ಮನುಷ್ಯ. ಅವನಿಗೆ ನಾನು, ಅದ್ರಲ್ಲಿ ಏನೂ ಇಲ್ಲ ಅಂದೆ." ಅವಳು ವೆಲಿನ್ ಕಡೆ ತಿರುಗಿದಳು. "ಇಷ್ಟು ದಿನ ಇದು ಯಾಕೆ ಕೇಳಿಸಲಿಲ್ಲ ಮೇಸ್ತ್ರಿ?"

ವೆಲಿನ್ ಜೇಬಿನಿಂದ ತಂತಿ ತೆಗೆದು ಮೇಜಿನ ಮೇಲಿಟ್ಟ. "ಇದನ್ನ ನಾನು ಹಾಕಿರಲಿಲ್ಲ. ಹಬ್ಬಕ್ಕೆ ಹೋಗೋ ಅವಸರ. ನೀವು ಫೋನ್ ಮಾಡಿದಾಗ ನಂಗದು ನೆನಪಾಯ್ತು. ಗೊತ್ತಿದ್ದೇ ಡಿಸ್ಕು ಖಾಲಿ ಅಂತ ಹೇಳ್ದೆ."

"ಗೊತ್ತಿದ್ದೇ?"

"ಗೊತ್ತಿದ್ದೇ."

"ನಿನ್ನೆ ಜಾಡಿ ಇಸ್ಕೊಂಡಾಗಲೂ?"

ವೆಲಿನ್ ತಲೆ ತಗ್ಗಿಸಿದ. ಅವಳು ಅವನನ್ನೇ ನೋಡಿದಳು. ಔಷಧಿ ಅಂಗಡಿಯಲ್ಲಿ ಸುಳ್ಳು ಚೀಟಿ ತಂದವರನ್ನು ನೋಡುತ್ತಿದ್ದ ನೋಟ ಅದು.

"ಎದ್ದು ಹೋಗು ನನ್ನ ಮನೆಯಿಂದ," ಎಂದಳು. ಅವನು ಬಾಗಿಲ ತನಕ ಹೋದ. "ನಿಲ್ಲು. ಕಾರಿದೆಯಾ?"

"ಇದೆ."

"ಅಣ್ಣನ ಹಳ್ಳಿಗೆ ಕರ್ಕೊಂಡು ಹೋಗು. ಅವನಿಗೆ ನಿನ್ನ ಬಾಯಿಂದಲೇ ಹೇಳು. ನಾನು ಹೇಳಿದ್ರೆ ನಂಬಲ್ಲ."

ಹಳೆಯ ಲಾಡಾ ಕಾರಿನಲ್ಲಿ ಮುಕ್ಕಾಲು ಗಂಟೆಯ ದಾರಿ. ಅವಳು ಡಿಸ್ಕನ್ನು ಕರವಸ್ತ್ರದಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡಿದ್ದಳು.

ಸ್ಲಾವಿ ಅಂಗಳದಲ್ಲಿ ದ್ರಾಕ್ಷಿ ಚಪ್ಪರದ ಕೆಳಗೆ ದೊಡ್ಡ ಪೀಪಾಯಿಯೊಂದನ್ನು ತೊಳೆಯುತ್ತಿದ್ದ. ಎಪ್ಪತ್ತು ದಾಟಿದ ಎತ್ತರದ ಆಳು, ಅರ್ಧ ಮೈ ಪೀಪಾಯಿಯೊಳಗಿತ್ತು. ಗೇಟಿನ ಸದ್ದಿಗೆ ಹೊರಬಂದು ತಂಗಿಯನ್ನು ಕಂಡವನೇ ಮುಖ ಗಂಟಿಕ್ಕಿದ.

"ಏನು ಬಂದೆ? ಏನೂ ಇಲ್ಲ ಅಂದ್ಯಲ್ಲ."

"ಮೊದಲು ಇವನ ಮಾತು ಕೇಳು ಅಣ್ಣ. ಆಮೇಲೆ ನನ್ನನ್ನ ಬೈಯಿ."

ವೆಲಿನ್ ಹೇಳಿದ. ತಂತಿ ಎಂದರೇನು, ಯಾಕೆ ಹಾಕಲಿಲ್ಲ, ಫೋನಿನಲ್ಲಿ ಏನೆಂದ, ಆಮೇಲೆ ಮೂರು ತಿಂಗಳು ಏನು ಮಾಡಿದ. ಎಲ್ಲಿಯೂ ನಿಲ್ಲದೆ, ಎಲ್ಲಿಯೂ ಮುಚ್ಚಿಡದೆ ಹೇಳಿದ. ಸ್ಲಾವಿಯ ಕೈಯಲ್ಲಿದ್ದ ಕುಂಚದಿಂದ ನೀರು ಅವನ ಬೂಟಿನ ಮೇಲೆ ತೊಟ್ಟಿಕ್ಕುತ್ತಲೇ ಇತ್ತು.

"ಹಾಗಾದ್ರೆ ನೀನು ಕೇಳಿರಲೇ ಇಲ್ವಾ?" ಎಂದು ಅವನು ತಂಗಿಯನ್ನು ಕೇಳಿದ.

"ಇವತ್ತು ಬೆಳಿಗ್ಗೆ ಕೇಳಿದೆ. ಅಲ್ಲಿ ತನಕ ಪಾರಿವಾಳಗಳನ್ನ ಹೆದರಿಸ್ತಾ ಇತ್ತು."

"ನನ್ನ ದನಿಗೆ ಪಾರಿವಾಳ ಹೆದರೋದೇನೂ ಹೊಸದಲ್ಲ," ಎಂದ ಸ್ಲಾವಿ. ರುಸಾನ ಹೋಗಿ ಅವನ ಒದ್ದೆ ತೋಳನ್ನು ಹಿಡಿದುಕೊಂಡಳು. ಇಬ್ಬರೂ ಹಾಗೆಯೇ ನಿಂತರು. ವೆಲಿನ್ ಗೇಟಿನ ಕಡೆ ನೋಡಿದ.

ಸ್ವಲ್ಪ ಹೊತ್ತಾದ ಮೇಲೆ ಅವಳು ಕಣ್ಣೊರೆಸಿಕೊಂಡು, "ಕೊನೇ ಮೂರು ಹಾಡು ಹಾಳಾಗಿದೆ ಅಣ್ಣ. ಟೇಪು ಕೊಡು, ಇನ್ನೊಂದು ಸಲ ಮಾಡಿಸೋಣ," ಎಂದಳು.

ಸ್ಲಾವಿ ಕುಂಚವನ್ನು ಪೀಪಾಯಿಯ ಮೇಲಿಟ್ಟ.

"ಅಣ್ಣ?"

"ಸುಟ್ಟೆ. ಅವತ್ತು ಫೋನ್ ಇಟ್ಟವನು ಸೀದಾ ಒಲೆಗೆ ಹಾಕಿದೆ. ತಂಗಿಗೇ ಬೇಡ ಅಂದ ಮೇಲೆ ನಂಗ್ಯಾಕೆ ಅಂತ."

ವೆಲಿನ್ ಚಪ್ಪರದ ಕಂಬ ಹಿಡಿದುಕೊಂಡ. ದಾರಿಯುದ್ದಕ್ಕೂ ಅವನು ಒಳಗೊಳಗೇ ಲೆಕ್ಕ ಹಾಕಿಕೊಂಡು ಬಂದಿದ್ದ: ಹೇಳಿಬಿಡುತ್ತೇನೆ, ಬೈಸಿಕೊಳ್ಳುತ್ತೇನೆ, ಟೇಪು ಇದ್ದೇ ಇದೆ, ಹೊಸ ಡಿಸ್ಕ್ ನಾನೇ ಮಾಡಿಕೊಡುತ್ತೇನೆ, ಸರಿಹೋಗುತ್ತದೆ. ಈಗ ಸರಿಹೋಗುವಂಥದ್ದು ಏನೂ ಉಳಿದಿರಲಿಲ್ಲ. ಹತ್ತು ನಿಮಿಷ ಉಳಿಸಲು ಹೋಗಿ, ತಾನು ಎಂದೂ ಕಾಣದ ಒಬ್ಬ ಹೆಂಗಸಿನ ಮೂರು ಹಾಡನ್ನು ಅವನು ಭೂಮಿಯ ಮೇಲಿಂದ ಅಳಿಸಿದ್ದ.

"ನನ್ನಿಂದ..." ಎಂದು ಶುರು ಮಾಡಿದ.

"ಹೌದು, ನಿನ್ನಿಂದ," ಎಂದ ಸ್ಲಾವಿ. "ಒಲೆಗೆ ಹಾಕಿದ್ದು ನಾನು. ಅದು ನಂದು. ಮಿಕ್ಕಿದ್ದು ನಿಂದು. ಕೂತ್ಕೋ, ನಿಂತು ನಿಂತು ಬೀಳ್ತೀಯ."

ಅವರು ಅವನಿಗೆ ನೀರು ಕೊಟ್ಟರು. ಕ್ಷಮಿಸಿದೆವು ಎಂದು ಮಾತ್ರ ಹೇಳಲಿಲ್ಲ. ವೆಲಿನ್ ಕೇಳಲೂ ಇಲ್ಲ. ಅಣ್ಣತಂಗಿ ಬೆಂಚಿನ ಮೇಲೆ ಕೂತು ಕಳೆದುಹೋದ ಹಾಡುಗಳು ಯಾವುವೆಂದು ಲೆಕ್ಕ ಹಾಕತೊಡಗಿದರು. ಒಂದು ಗೋಧಿ ಕೊಯ್ಲಿನದು. ಒಂದು ಮದುಮಗಳನ್ನು ಮನೆಯಿಂದ ಹೊರಡಿಸುವಾಗಿನದು. ಮತ್ತೊಂದು ಅಮ್ಮ ಹಿಟ್ಟು ನಾದುವಾಗ ಹಾಡುತ್ತಿದ್ದುದು.

"ನಿಮ್ಮಿಬ್ಬರಿಗೂ ಬರುತ್ತಾ?" ಎಂದು ವೆಲಿನ್ ಮೆಲ್ಲಗೆ ಕೇಳಿದ. "ಬರೋದಾದ್ರೆ ನಾನು ಮೈಕು, ಕಂಪ್ಯೂಟರ್ ತರ್ತೀನಿ. ನೀವು ಹಾಡಿ."

"ನಮ್ಮ ದನಿ ಅಮ್ಮನ ದನಿ ಅಲ್ಲ," ಎಂದಳು ರುಸಾನ.

"ಅಲ್ಲ. ಗೊತ್ತು ಚಿಕ್ಕಮ್ಮ."

"ಭಾನುವಾರ ಬಾ," ಎಂದ ಸ್ಲಾವಿ.

ಭಾನುವಾರ ವೆಲಿನ್ ಕಂಪ್ಯೂಟರನ್ನು ಕಾರಿನ ಹಿಂದಿನ ಸೀಟಿನಲ್ಲಿ ಕಂಬಳಿ ಸುತ್ತಿ ತಂದ. ಸ್ಲಾವಿಯ ಅಡುಗೆಮನೆಯ ಮೇಜಿನ ಮೇಲಿಟ್ಟು, ಪ್ರತಿಯೊಂದು ತಂತಿಯನ್ನೂ ಎರಡೆರಡು ಸಲ ಒತ್ತಿ ನೋಡಿದ. ಕೊಯ್ಲಿನ ಹಾಡು ಒಂದೇ ಸಲಕ್ಕೆ ಬಂತು. ಮದುಮಗಳ ಹಾಡಿನ ಮೂರನೆಯ ನುಡಿಯಲ್ಲಿ ಜಗಳ ಶುರುವಾಯಿತು.

"ಅಲ್ಲಿ ಮದುಮಗಳು ಅಣ್ಣನ ಕೈ ಹಿಡೀತಾಳೆ," ಎಂದ ಸ್ಲಾವಿ.

"ಅಪ್ಪನ ಕೈ! ನಿನ್ನ ಕೈ ಹಿಡಿಯೋಕೆ ಯಾರಿಗೆ ಹುಚ್ಚು?"

ಕೊನೆಗೆ ಎರಡು ರೀತಿಯಲ್ಲೂ ಹಾಡಿದರು. ವೆಲಿನ್ ಎರಡನ್ನೂ ಇಟ್ಟುಕೊಂಡ.

ಹಿಟ್ಟು ನಾದುವ ಹಾಡು ಬರಲಿಲ್ಲ. ಮೊದಲ ಸಾಲು ಇಬ್ಬರಿಗೂ ನೆನಪಿತ್ತು, ಕೈ ಹಿಟ್ಟಿಗೆ ಬೀಳುವ ತಾಳ ನೆನಪಿತ್ತು. ಮುಂದೆ ಏನು? ರುಸಾನ ಎದ್ದು ನಿಂತು ಬರಿಗೈಯಲ್ಲಿ ಗಾಳಿಯನ್ನೇ ನಾದಿ ನೋಡಿದಳು. ಸ್ಲಾವಿ ಗುನುಗಿದ, ನಿಲ್ಲಿಸಿದ, ತಲೆ ಕೊಡವಿದ. ಒಂದು ಗಂಟೆ ಹೀಗೆಯೇ ಕಳೆಯಿತು. ಆಮೇಲೆ ರುಸಾನ ಕುರ್ಚಿಯಲ್ಲಿ ಕುಸಿದು, "ಹೋಯ್ತು," ಎಂದಳು.

ವೆಲಿನ್ ರೆಕಾರ್ಡಿಂಗ್ ನಿಲ್ಲಿಸಲು ಕೈ ಚಾಚಿದ.

"ನಿಲ್ಲಿಸಬೇಡ," ಎಂದ ಸ್ಲಾವಿ. ಮೈಕನ್ನು ಮೇಜಿನ ಮೇಲೆ ಅವನ ಕಡೆಗೆ ಸರಿಸಿದ. "ಇದನ್ನ ರುಸಾನಳ ಮಗಳು ಕೇಳ್ತಾಳೆ, ಅವಳ ಮಕ್ಕಳು ಕೇಳ್ತಾರೆ. ಅಜ್ಜಿಯ ಹತ್ತನೇ ಹಾಡು ಎಲ್ಲಿ ಅಂತ ಕೇಳೇ ಕೇಳ್ತಾರೆ. ನೀನೇ ಹೇಳಿಬಿಡು."

ವೆಲಿನ್ ರುಸಾನ ಚಿಕ್ಕಮ್ಮನ ಮುಖ ನೋಡಿದ. ಅಲ್ಲಿ ಕರುಣೆಯೂ ಇರಲಿಲ್ಲ, ಕೋಪವೂ ಇರಲಿಲ್ಲ. ಅವಳು ಕಾಯುತ್ತಿದ್ದಳು, ಅಷ್ಟೆ.

ಅವನು ಮೈಕಿನ ಹತ್ತಿರ ಬಾಗಿದ. "ಬೋನಾ ಅಜ್ಜಿಯ ಹಿಟ್ಟು ನಾದುವ ಹಾಡು ಇದರಲ್ಲಿಲ್ಲ," ಎಂದ. "ಅದು ಇಲ್ಲದಿರೋದಕ್ಕೆ ಕಾರಣ..."

"ಗಟ್ಟಿಯಾಗಿ ಹೇಳು," ಎಂದ ಸ್ಲಾವಿ. "ಮೊದಲು ಹೆಸರು ಹೇಳು."

ವೆಲಿನ್ ಕುರ್ಚಿಯನ್ನು ಮುಂದಕ್ಕೆಳೆದುಕೊಂಡು ಮತ್ತೆ ಮೊದಲಿನಿಂದ ಶುರು ಮಾಡಿದ.